ಜೆಡ್/ವಿಎಂ ಮೇಲಿನ ಲಿನಕ್ಸ್ ಗೆಸ್ಟ್‌ಗೆ ನೆಟ್‌ವರ್ಕ್ ಸಿಗದಿದ್ದಾಗ ಹುಡುಕುವ ಕ್ರಮ

ಮೇನ್‌ಫ್ರೇಮ್‌ನಲ್ಲಿ ಜೆಡ್/ವಿಎಂ (ಒಂದೇ ಯಂತ್ರದ ಮೇಲೆ ಅನೇಕ ವರ್ಚುವಲ್ ಮೆಶೀನ್‌ಗಳನ್ನು ಓಡಿಸುವ ವ್ಯವಸ್ಥೆ) ಅಡಿ ಗೆಸ್ಟ್ ಆಗಿ ಓಡುವ ಲಿನಕ್ಸ್‌ಗೆ ನೆಟ್‌ವರ್ಕ್ ಹೋಯಿತೆಂದರೆ ಬಹುತೇಕರು ಮೊದಲು ತೆರೆಯುವುದು ಲಿನಕ್ಸ್ ಒಳಗಿನ ಕಾನ್ಫಿಗರೇಶನ್ ಫೈಲನ್ನು. ಅದನ್ನು ಕೊನೆಗೆ ಮುಟ್ಟಬೇಕು. ಗೆಸ್ಟ್‌ಗೆ ಕಾಣುವ ನೆಟ್‌ವರ್ಕ್ ಕಾರ್ಡ್ ಸಿಪಿ ಎಂಬ ಹೈಪರ್‌ವೈಸರ್ ಮೆಮೊರಿಯಲ್ಲಿ ಕಟ್ಟಿಕೊಟ್ಟದ್ದು. ಆ ಕಾರ್ಡ್ ಯಾವ ಸ್ವಿಚ್‌ಗೆ ಸೇರಿದೆ, ಸೇರಲು ಅನುಮತಿ ಇದೆಯೇ, ಪ್ಯಾಕೆಟ್ ಹೊರಗೆ ಹೋಗುತ್ತಿದೆಯೇ, ಎಲ್ಲ ಲೆಕ್ಕವೂ ಸಿಪಿ ಬಳಿ ಇರುತ್ತದೆ. ಲಿನಕ್ಸ್‌ಗೆ ಅದರಲ್ಲಿ ಅರ್ಧವೂ ಗೊತ್ತಿರುವುದಿಲ್ಲ. ಹಾಗಾಗಿ ಸಿಪಿಯನ್ನು ಮೊದಲು ಕೇಳಿ, ಆಮೇಲೆ ಲಿನಕ್ಸ್‌ಗೆ ಬನ್ನಿ.

ಪ್ಯಾಕೆಟ್ ಸಾಗುವ ದಾರಿಯನ್ನು ತಲೆಯಲ್ಲಿಟ್ಟುಕೊಳ್ಳಿ: ಲಿನಕ್ಸ್ ಇಂಟರ್‌ಫೇಸ್, ಅದರ ಕೆಳಗೆ ಕ್ಯುಎಥ್ ಡ್ರೈವರ್, ಅದರ ಕೆಳಗೆ ಮೂರು ಡಿವೈಸ್‌ಗಳ ವರ್ಚುವಲ್ ಎನ್‌ಐಸಿ (ನೆಟ್‌ವರ್ಕ್ ಕಾರ್ಡ್), ನಂತರ ವಿಸ್ವಿಚ್ (ಸಿಪಿ ಕಟ್ಟಿದ ವರ್ಚುವಲ್ ಸ್ವಿಚ್), ಅಲ್ಲಿಂದ ಓಎಸ್‌ಎ ಎಂಬ ಮೇನ್‌ಫ್ರೇಮ್‌ನ ನಿಜವಾದ ನೆಟ್‌ವರ್ಕ್ ಕಾರ್ಡ್, ಕೊನೆಗೆ ಡೇಟಾ ಸೆಂಟರ್‌ನ ಭೌತಿಕ ಸ್ವಿಚ್. ತೊಂದರೆ ಈ ಸರಪಳಿಯ ಯಾವ ಕೊಂಡಿಯಲ್ಲಿದೆ ಎಂದು ತಿಳಿಯುವ ತನಕ ಏನನ್ನೂ ಬದಲಾಯಿಸಬೇಡಿ.

ಇಲ್ಲಿನ ಉದಾಹರಣೆಗಳಲ್ಲಿ ಗೆಸ್ಟ್‌ನ ಹೆಸರು ಲಿನ್01, ಸ್ವಿಚ್‌ನ ಹೆಸರು ವಿಎಸ್‌ಡಬ್ಲ್ಯು1, ವರ್ಚುವಲ್ ಡಿವೈಸ್‌ಗಳು 0600, 0601, 0602, ಓಎಸ್‌ಎ ಡಿವೈಸ್‌ಗಳು 1000 ಮತ್ತು 2000ರಿಂದ ಆರಂಭ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಕಾಗುಣಿತದಲ್ಲೇ ಮಾಡಬೇಕು.

ಕನ್ಸೋಲ್ ಹಿಡಿಯುವಾಗಲೇ ಎಚ್ಚರ

ನೆಟ್‌ವರ್ಕ್ ಇಲ್ಲ ಎಂದ ಮೇಲೆ ಎಸ್‌ಎಸ್‌ಎಚ್ ಇಲ್ಲ. 3270 ಟರ್ಮಿನಲ್‌ನಿಂದ ಗೆಸ್ಟ್‌ನ ಹೆಸರಲ್ಲೇ ಲಾಗಾನ್ ಆಗಬೇಕು. ಇಲ್ಲೊಂದು ಗುಂಡಿ ಇದೆ. ಡಿಸ್ಕನೆಕ್ಟ್ ಆಗಿ ಓಡುತ್ತಿರುವ ಗೆಸ್ಟ್‌ಗೆ ಲಾಗಾನ್ ಆದಾಗ ಪರದೆಯ ಬಲ ಮೂಲೆಯಲ್ಲಿ 'ಸಿಪಿ ರೀಡ್' ಎಂದು ಕಂಡರೆ ಆ ಗೆಸ್ಟ್ ನಿಂತಿದೆ ಎಂದರ್ಥ. 'ಬಿಗಿನ್' ಎಂದು ಟೈಪ್ ಮಾಡುವವರೆಗೆ ಲಿನಕ್ಸ್ ಒಂದು ಹೆಜ್ಜೆಯೂ ಮುಂದಿಡುವುದಿಲ್ಲ. 'ನೆಟ್‌ವರ್ಕ್ ಇದ್ದಕ್ಕಿದ್ದಂತೆ ಸತ್ತಿತು' ಎಂಬ ದೂರಿನ ಹಿಂದೆ ಯಾರೋ ಕನ್ಸೋಲ್ ತೆರೆದು ಹಾಗೇ ಬಿಟ್ಟಿರುವುದೂ ಉಂಟು. ಪರಿಹಾರ ಸರಳ. ಗೆಸ್ಟ್‌ನಲ್ಲಿ ಈ ಕಮಾಂಡ್ ಕೊಟ್ಟಿರಬೇಕು, ಆಗ ಸಿಪಿ ಜೊತೆ ಮಾತಾಡುವಾಗಲೂ ಲಿನಕ್ಸ್ ಓಡುತ್ತಲೇ ಇರುತ್ತದೆ:

#ಸಿಪಿ ಸೆಟ್ ರನ್ ಆನ್

ಹೊರಬರುವಾಗ '#ಸಿಪಿ ಡಿಸ್ಕ್' ಎನ್ನಿ. ಅಪ್ಪಿತಪ್ಪಿಯೂ 'ಲಾಗಾಫ್' ಎನ್ನಬೇಡಿ. ಅದು ವರ್ಚುವಲ್ ಮೆಶೀನನ್ನೇ ಕಿತ್ತುಹಾಕುತ್ತದೆ. ಓಡುತ್ತಿದ್ದ ಡೇಟಾಬೇಸ್ ಜೊತೆಗೆ ನೀವು ನೋಡಬೇಕಿದ್ದ ಸಾಕ್ಷ್ಯವೂ ಹೋಗುತ್ತದೆ.

ಲಿನಕ್ಸ್‌ನ ಶೆಲ್ ಸಿಕ್ಕಿದ್ದರೆ 'ವಿಎಂಸಿಪಿ' ಮೂಲಕವೂ ಸಿಪಿಯನ್ನು ಕೇಳಬಹುದು. ಅದು ಕೆಲಸ ಮಾಡದಿದ್ದರೆ 'ಮಾಡ್‌ಪ್ರೋಬ್ ವಿಎಂಸಿಪಿ' ಕೊಟ್ಟು ನೋಡಿ. ಅದರ ಉತ್ತರದ ಬಫರ್ ಸಾಮಾನ್ಯವಾಗಿ 8192 ಬೈಟ್ ಮಾತ್ರ; ಹತ್ತಾರು ಗೆಸ್ಟ್‌ಗಳಿರುವ ಸ್ವಿಚ್‌ನ ವಿವರ ಅಷ್ಟರಲ್ಲಿ ಹಿಡಿಸದೆ ಕತ್ತರಿಸಿ ಹೋಗುತ್ತದೆ. '-ಬಿ 64ಕೆ' ಸೇರಿಸಿಕೊಳ್ಳಿ. ಕಮಾಂಡ್‌ನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ, ಇಲ್ಲದಿದ್ದರೆ ಶೆಲ್ ಅದನ್ನು ಫೈಲ್ ಹೆಸರುಗಳಾಗಿ ಹಿಗ್ಗಿಸಿಬಿಡುತ್ತದೆ.

ಮೊದಲ ಪ್ರಶ್ನೆ: ಎನ್‌ಐಸಿ ಯಾವ ಸ್ಥಿತಿಯಲ್ಲಿದೆ?

ವಿಎಂಸಿಪಿ ಕ್ಯೂ ವಿ ಎನ್‌ಐಸಿ ಡೀಟೇಲ್ಸ್

ಈ ಒಂದು ಕಮಾಂಡ್‌ನ ಉತ್ತರವನ್ನು ಸಾವಧಾನವಾಗಿ ಓದಿದರೆ ಅರ್ಧ ದಾರಿ ಮುಗಿದಂತೆ. ಏನೇನು ಕಾಣಬಹುದು, ಒಂದೊಂದಾಗಿ ನೋಡೋಣ.

ಎನ್‌ಐಸಿಯೇ ಇಲ್ಲ ಎಂದು ಬಂದರೆ ಯೂಸರ್ ಡೈರೆಕ್ಟರಿಯಲ್ಲಿ (ಪ್ರತಿ ಗೆಸ್ಟ್‌ನ ವಿವರ ಬರೆದಿಡುವ ಜೆಡ್/ವಿಎಂ ಫೈಲ್) ಎನ್‌ಐಸಿ ಕಟ್ಟಿಕೊಡುವ ಎನ್‌ಐಸಿಡೆಫ್ ಸಾಲು ಇಲ್ಲ, ಅಥವಾ ಸಾಲು ಸೇರಿಸಿದ ಮೇಲೆ ಗೆಸ್ಟ್ ಮತ್ತೆ ಲಾಗಾನ್ ಆಗಿಲ್ಲ. ಡೈರೆಕ್ಟರಿಯ ಬದಲಾವಣೆ ಜಾರಿಗೆ ಬರುವುದು ಮುಂದಿನ ಲಾಗಾನ್‌ನಲ್ಲಿ. ಲಿನಕ್ಸ್ ಒಳಗಿನ ರೀಬೂಟ್ ಅದಕ್ಕೆ ಸಾಲದು. ಈಗಲೇ ಬೇಕಿದ್ದರೆ ಕೈಯಾರೆ ಕಟ್ಟಬಹುದು:

ವಿಎಂಸಿಪಿ ಡಿಫೈನ್ ಎನ್‌ಐಸಿ 0600 ಟೈಪ್ ಕ್ಯೂಡಿಐಒ
ವಿಎಂಸಿಪಿ ಕಪಲ್ 0600 ಟು ಸಿಸ್ಟಮ್ ವಿಎಸ್‌ಡಬ್ಲ್ಯು1

ಹೀಗೆ ಕಟ್ಟಿದ್ದು ರೀಬೂಟ್ ತಾಳುತ್ತದೆ, ಲಾಗಾಫ್ ತಾಳುವುದಿಲ್ಲ.

ಎನ್‌ಐಸಿ ಇದೆ, ಆದರೆ ವಿಸ್ವಿಚ್ ಇರಬೇಕಾದ ಜಾಗದಲ್ಲಿ ಸ್ವಿಚ್‌ನ ಹೆಸರಿಲ್ಲ ಎಂದಾದರೆ ಕಾರ್ಡ್ ಇದ್ದೂ ಕೇಬಲ್ ಚುಚ್ಚಿಲ್ಲ ಎಂದರ್ಥ. ಕಪಲ್ ಕಮಾಂಡ್ ಕೊಟ್ಟು ನೋಡಿ. ಆಗ ಬರುವ ದೋಷಸಂಖ್ಯೆ 6011ಇ ಆಗಿದ್ದರೆ ಅನುಮತಿಯ ವಿಷಯ. ಅದನ್ನು ಮುಂದೆ ನೋಡೋಣ.

ಸ್ವಿಚ್‌ನ ಹೆಸರಿದೆ, ಆದರೆ ಮೂರೂ ಡಿವೈಸ್‌ಗಳ ಮುಂದೆ 'ಅನ್‌ಅಸೈನ್ಡ್' ಎಂದಿದ್ದರೆ ಸಿಪಿಯ ಕಡೆ ಈ ಮಟ್ಟಿಗೆ ಎಲ್ಲ ಸರಿ. ಲಿನಕ್ಸ್ ಆ ಡಿವೈಸ್‌ಗಳನ್ನು ಇನ್ನೂ ಆನ್‌ಲೈನ್ ಮಾಡಿಲ್ಲ, ಅಥವಾ ಮಾಡಲು ಹೋಗಿ ಸೋತಿದೆ.

'ಸೆಷನ್ ಎಸ್ಟಾಬ್ಲಿಶ್ಡ್' ಎಂದಿದ್ದು, 0600ಕ್ಕೆ ಕಂಟ್ರೋಲ್ ರೀಡ್, 0601ಕ್ಕೆ ಕಂಟ್ರೋಲ್ ರೈಟ್, 0602ಕ್ಕೆ ಡೇಟಾ ಎಂಬ ಪಾತ್ರಗಳು ಕಂಡರೆ ಡ್ರೈವರ್ ಮತ್ತು ಸಿಪಿ ಕೈ ಕುಲುಕಿವೆ. ಆಗ ಕೆಳಗಿನ ಎಣಿಕೆಗಳಿಗೆ ಬನ್ನಿ. ಒಂದು ನಿಮಿಷ ಪಿಂಗ್ ಓಡಿಸಿ ಮತ್ತೆ ಕೇಳಿ. ಟಿಎಕ್ಸ್ ಏರುತ್ತಿದ್ದು ಆರ್‌ಎಕ್ಸ್ ಅಲ್ಲೇ ನಿಂತಿದ್ದರೆ ಗೆಸ್ಟ್ ಮಾತಾಡುತ್ತಿದೆ, ಉತ್ತರ ಬರುತ್ತಿಲ್ಲ. ವಿಲ್ಯಾನ್ (ಒಂದೇ ತಂತಿಯ ಮೇಲೆ ಸಂಖ್ಯೆಯ ಟ್ಯಾಗ್‌ನಿಂದ ಬೇರ್ಪಡಿಸಿದ ಜಾಲ), ಮ್ಯಾಕ್ (ಕಾರ್ಡ್‌ನ ವಿಳಾಸ) ಅಥವಾ ಅಪ್‌ಲಿಂಕ್ (ವಿಸ್ವಿಚ್‌ನಿಂದ ಓಎಸ್‌ಎ ಮೂಲಕ ಹೊರಗೆ ಹೋಗುವ ಕೊಂಡಿ) ನೋಡಬೇಕು. ಟಿಎಕ್ಸ್ ಕೂಡ ಏರದಿದ್ದರೆ ತಪ್ಪು ಲಿನಕ್ಸ್‌ನ ರೂಟಿಂಗ್‌ನಲ್ಲೋ ಇಂಟರ್‌ಫೇಸ್‌ನಲ್ಲೋ ಇದೆ. 'ಡಿಸ್ಕಾರ್ಡೆಡ್' ಏರುತ್ತಿದ್ದರೆ ಪ್ಯಾಕೆಟ್‌ಗಳನ್ನು ಎಸೆಯಲಾಗುತ್ತಿದೆ. ಕಡಿಮೆ ಟ್ರಾಫಿಕ್‌ನಲ್ಲೂ ಹೀಗಾದರೆ ವಿಲ್ಯಾನ್ ನಿಯಮ ಅಥವಾ ಮ್ಯಾಕ್ ಅನುಮಾನಿಸಿ. ಹೊರೆ ಹೆಚ್ಚಿದಾಗ ಮಾತ್ರ ಆದರೆ ಕ್ಯುಎಥ್‌ನ 'ಬಫರ್_ಕೌಂಟ್' ಅನ್ನು 64ರಿಂದ 128ಕ್ಕೆ ಏರಿಸಿ ನೋಡಿ. ಅದಕ್ಕೆ ಡಿವೈಸ್ ಆಫ್‌ಲೈನ್ ಇರಬೇಕು. ಒಂದೊಂದು ಬಫರ್ 64 ಕಿಲೋಬೈಟ್ ತಿನ್ನುತ್ತದೆ ಎಂಬುದು ಚಿಕ್ಕ ಗೆಸ್ಟ್‌ಗಳಲ್ಲಿ ನೆನಪಿರಲಿ.

ಅನುಮತಿ

ವಿಸ್ವಿಚ್‌ನ ಒಡೆಯ ಸಿಸ್ಟಮ್. ಹೆಸರು ಗೊತ್ತಿದ್ದ ಮಾತ್ರಕ್ಕೆ ಗೆಸ್ಟ್ ಅದಕ್ಕೆ ಸೇರಲಾಗದು. ಪಟ್ಟಿಯನ್ನು ನೋಡುವುದು ಹೀಗೆ:

ಕ್ಯೂ ವಿಸ್ವಿಚ್ ವಿಎಸ್‌ಡಬ್ಲ್ಯು1 ಆಕ್ಸೆಸ್‌ಲಿಸ್ಟ್

ಹೆಸರಿಲ್ಲದಿದ್ದರೆ ಬಿ ದರ್ಜೆಯ ಅಧಿಕಾರವಿರುವ ಯೂಸರ್‌ನಿಂದ:

ಸೆಟ್ ವಿಸ್ವಿಚ್ ವಿಎಸ್‌ಡಬ್ಲ್ಯು1 ಗ್ರಾಂಟ್ ಲಿನ್01

ಗ್ರಾಂಟ್ ಕೊಟ್ಟ ಕೂಡಲೇ ಗೆಸ್ಟ್ ತಾನಾಗಿ ಸೇರಿಕೊಳ್ಳುವುದಿಲ್ಲ. ಲಾಗಾನ್ ವೇಳೆ ಸೋತ ಕಪಲ್ ಅನ್ನು ಮತ್ತೆ ಕೊಡಬೇಕು.

ಗ್ರಾಂಟ್ ಇದ್ದರೂ 6011ಇ ಬರುತ್ತಿದೆಯೇ? ಹಾಗಾದರೆ ಆರ್‌ಎಸಿಎಫ್‌ನಂಥ ಭದ್ರತಾ ವ್ಯವಸ್ಥೆ ನಡುವೆ ಇದೆ. ಆರ್‌ಎಸಿಎಫ್‌ನಲ್ಲಿ ವಿಎಂಲ್ಯಾನ್ ಕ್ಲಾಸ್ ಜಾರಿಯಲ್ಲಿದ್ದು ಆ ಸ್ವಿಚ್‌ಗೆ ಪ್ರೊಫೈಲ್ ಇದ್ದರೆ ತೀರ್ಪು ಅದರದ್ದು. ಸಿಪಿಯ ಪಟ್ಟಿಗೆ ಬೆಲೆಯಿಲ್ಲ. 'ಸಿಸ್ಟಮ್.ವಿಎಸ್‌ಡಬ್ಲ್ಯು1' ಪ್ರೊಫೈಲ್‌ನಲ್ಲಿ ಗೆಸ್ಟ್‌ಗೆ 'ಅಪ್‌ಡೇಟ್' ಹಕ್ಕು ಬೇಕು. ಸ್ವಿಚ್ ವಿಲ್ಯಾನ್ ಅರಿತದ್ದಾದರೆ ವಿಲ್ಯಾನ್ ಸಂಖ್ಯೆ ಸೇರಿದ 'ಸಿಸ್ಟಮ್.ವಿಎಸ್‌ಡಬ್ಲ್ಯು1.0100'ರಂಥ ಪ್ರೊಫೈಲ್‌ನಲ್ಲೂ ಬೇಕು. ಸಂಖ್ಯೆ ನಾಲ್ಕು ಅಂಕಿಯದ್ದಾಗಿರಬೇಕು. 100 ಎಂದಷ್ಟೇ ಬರೆದರೆ ಹೊಂದುವುದಿಲ್ಲ.

ಲಿನಕ್ಸ್‌ಗೆ ಡಿವೈಸ್ ಕಾಣುತ್ತಿಲ್ಲ

ಸಿಪಿಯಲ್ಲಿ 'ಅನ್‌ಅಸೈನ್ಡ್' ಕಂಡಾಗ ಲಿನಕ್ಸ್ ಒಳಗೆ:

ಎಲ್‌ಎಸ್‌ಸಿಎಸ್‌ಎಸ್ | ಗ್ರೆಪ್ 1731/01

ಕ್ಯೂಡಿಐಒ ಎನ್‌ಐಸಿಯ ಗುರುತು 1731/01. ಹೈಪರ್‌ಸಾಕೆಟ್ಸ್ (ಮೇನ್‌ಫ್ರೇಮ್‌ನ ಒಳಗೇ ಇರುವ ನೆಟ್‌ವರ್ಕ್) ಆದರೆ 1731/05. ಮೂರು ಸಾಲು ಬರಬೇಕು. ಏನೂ ಬಾರದಿದ್ದರೆ ಸಾಮಾನ್ಯ ಕಾರಣ 'ಸಿಐಒ_ಇಗ್ನೋರ್' ಪಟ್ಟಿ. ಕೆಲವು ವಿತರಣೆಗಳು ಸ್ಥಾಪನೆಯ ವೇಳೆ ಬಳಸಿದ ಡಿವೈಸ್‌ಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಡೆಗಣಿಸುವಂತೆ ಕರ್ನಲ್ ಪ್ಯಾರಾಮೀಟರ್ ಹಾಕಿರುತ್ತವೆ. ಆಮೇಲೆ ಸೇರಿಸಿದ ಎರಡನೇ ಎನ್‌ಐಸಿ ಕಾಣದಿರುವುದು ಅದರಿಂದಲೇ.

ಸಿಐಒ_ಇಗ್ನೋರ್ -ಎಲ್
ಸಿಐಒ_ಇಗ್ನೋರ್ -ಆರ್ 0.0.0600-0.0.0602

ಡಿವೈಸ್‌ಗಳು ಕಂಡ ಮೇಲೆ ಆನ್‌ಲೈನ್ ಮಾಡಿ:

ಸಿಎಚ್‌ಜೆಡ್‌ಡೆವ್ -ಇ ಕ್ಯುಎಥ್ 0.0.0600 ಲೇಯರ್2=1

'ಜೆಡ್‌ನೆಟ್‌ಕಾನ್ಫ್ -ಎ 0.0.0600' ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ಅದರ ಫಲ ಮುಂದಿನ ರೀಬೂಟ್‌ವರೆಗೆ ಮಾತ್ರ. ತುರ್ತಿಗೆ ಅದು ಸಾಕು. ಶಾಶ್ವತ ಕೆಲಸಕ್ಕೆ ಸಿಎಚ್‌ಜೆಡ್‌ಡೆವ್ ಅನ್ನೇ ಬಳಸಿ. ಅದು ಈಗಿನ ಸ್ಥಿತಿಯನ್ನೂ ಮುಂದಿನ ಬೂಟ್‌ನ ಸ್ಥಿತಿಯನ್ನೂ ಒಟ್ಟಿಗೆ ಬರೆಯುತ್ತದೆ.

'ಎಲ್‌ಎಸ್‌ಕ್ಯುಎಥ್' ಉತ್ತರದಲ್ಲಿ ಸ್ಥಿತಿ 'ಅಪ್, ಲ್ಯಾನ್ ಆಫ್‌ಲೈನ್' ಎಂದಿದ್ದರೆ ಡ್ರೈವರ್ ಸರಿ, ಸ್ವಿಚ್‌ನ ಕಡೆಯಿಂದ ಲಿಂಕ್ ಇಲ್ಲ. ಕಪಲ್ ಬಿಟ್ಟುಹೋಗಿದೆಯೇ ನೋಡಿ. ಎಲ್ಲ ಸರಿಯಿದ್ದೂ ಡ್ರೈವರ್ ಮಂಕಾಗಿ ಕುಳಿತಿದ್ದರೆ 0.0.0600ರ ಸಿಸ್‌ಎಫ್‌ಎಸ್ ಡೈರೆಕ್ಟರಿಯಲ್ಲಿರುವ 'ರಿಕವರ್' ಫೈಲ್‌ಗೆ 1 ಬರೆದರೆ ಆ ಎನ್‌ಐಸಿ ಮಾತ್ರ ಮರುಚಾಲನೆಗೊಳ್ಳುತ್ತದೆ. ಇಡೀ ಗೆಸ್ಟ್ ರೀಬೂಟ್ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಲೇಯರ್ 2, ಲೇಯರ್ 3: ಎರಡೂ ಬದಿ ಒಂದೇ ಆಗಿರಬೇಕು

ವಿಸ್ವಿಚ್ ಬಂದದ್ದು 2003ರಲ್ಲಿ, ಜೆಡ್/ವಿಎಂ 4.4ರ ಜೊತೆ. ಆಗ ಅದು ಐಪಿ ಪ್ಯಾಕೆಟ್‌ಗಳನ್ನು ಮಾತ್ರ ಸಾಗಿಸುತ್ತಿತ್ತು. ಈಥರ್‌ನೆಟ್ ಫ್ರೇಮ್‌ಗಳನ್ನೇ ಸಾಗಿಸುವ ಲೇಯರ್ 2 ಸೇರಿದ್ದು 2004ರ 5.1ರಲ್ಲಿ. ಹಳೆಯ ಸಂಸ್ಥೆಗಳಲ್ಲಿ ಎರಡೂ ಬಗೆಯ ಸ್ವಿಚ್‌ಗಳು ಇವತ್ತಿಗೂ ಅಕ್ಕಪಕ್ಕ ಬದುಕಿವೆ, ಮತ್ತು ಗೊಂದಲವೆಲ್ಲ ಅಲ್ಲಿಯೇ ಹುಟ್ಟುತ್ತದೆ.

'ಕ್ಯೂ ವಿಸ್ವಿಚ್ ವಿಎಸ್‌ಡಬ್ಲ್ಯು1' ಉತ್ತರದಲ್ಲಿ ಸ್ವಿಚ್‌ನ ಬಗೆ ಈಥರ್‌ನೆಟ್ ಎಂದಿದ್ದರೆ ಲಿನಕ್ಸ್‌ನಲ್ಲಿ ಲೇಯರ್2 ಮೌಲ್ಯ 1 ಇರಬೇಕು. ಇಲ್ಲದಿದ್ದರೆ ಅದು ಐಪಿ ಸ್ವಿಚ್. ಮೌಲ್ಯ 0 ಇರಬೇಕು. ಹೊಂದದಿದ್ದರೆ ಡಿವೈಸ್ ಆನ್‌ಲೈನ್ ಆಗುವುದೇ ಇಲ್ಲ. 'ಡಿಮೆಸ್ಗ್'ನಲ್ಲಿ ಈ ಟ್ರಾನ್ಸ್‌ಪೋರ್ಟ್ ಮೋಡ್‌ಗೆ ಡಿವೈಸ್‌ನ ಬೆಂಬಲವಿಲ್ಲ ಎಂಬ ಸಾಲು ಕಾಣುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಐಡಿಎಕ್ಸ್ ಟರ್ಮಿನೇಟ್ ಎಂದು ಹೇಳಿ ಎಫ್6 ಎಂಬ ಕಾರಣಸಂಖ್ಯೆ ಕೊಡುತ್ತಿತ್ತು. ಅದೇ ಜಾಗದಲ್ಲಿ 22 ಬಂದರೆ ಅದು ಲೇಯರ್‌ನ ತಕರಾರಲ್ಲ, ಪೋರ್ಟ್ ಹೆಸರಿನದ್ದು. ಹಿಂದಿನ ಓಎಸ್‌ಎ ಕಾರ್ಡ್‌ಗಳಲ್ಲಿ ಒಂದೇ ಪೋರ್ಟ್ ಹಂಚಿಕೊಳ್ಳುವವರೆಲ್ಲ ಒಂದೇ ಪೋರ್ಟ್ ಹೆಸರನ್ನು ಕೊಡಬೇಕಿತ್ತು.

ಲೇಯರ್2 ಮೌಲ್ಯ ಬದಲಿಸಲು ಡಿವೈಸ್ ಮೊದಲು ಆಫ್‌ಲೈನ್ ಆಗಬೇಕು. ವಿತರಣೆಯಿಂದ ವಿತರಣೆಗೆ, ಕರ್ನಲ್‌ನಿಂದ ಕರ್ನಲ್‌ಗೆ ಪೂರ್ವನಿಯೋಜಿತ ಮೌಲ್ಯ ಬೇರೆಯಾಗಿದ್ದ ಇತಿಹಾಸವಿದೆ. ಆದ್ದರಿಂದ ಎರಡೂ ಕಡೆ ಸ್ಪಷ್ಟವಾಗಿ ಬರೆದಿಡಿ. ಬದಲಿಸಿದ ಮೇಲೆ 'ಈಥ್‌ಟೂಲ್ -ಐ' ಕೊಟ್ಟು ನೋಡಿ. ಡ್ರೈವರ್ ಹೆಸರು ಕ್ಯುಎಥ್_ಎಲ್2 ಅಥವಾ ಕ್ಯುಎಥ್_ಎಲ್3 ಎಂದು ಬರುತ್ತದೆ.

ಸ್ವಿಚ್‌ನ ಬಗೆಯನ್ನೇ ಐಪಿಯಿಂದ ಈಥರ್‌ನೆಟ್‌ಗೆ ತಿರುಗಿಸಬೇಕಾದರೆ ಅದನ್ನು ಡಿಟ್ಯಾಚ್ ಮಾಡಿ ಹೊಸದಾಗಿ ಡಿಫೈನ್ ಮಾಡಬೇಕು. ಅದರ ಮೇಲಿನ ಎಲ್ಲ ಗೆಸ್ಟ್‌ಗಳೂ ಬೀಳುತ್ತವೆ. ಹಾಗಾಗಿ ಹೊಸ ಹೆಸರಿನ ಎರಡನೇ ಸ್ವಿಚ್ ಕಟ್ಟಿ ಗೆಸ್ಟ್‌ಗಳನ್ನು ಒಂದೊಂದಾಗಿ ಸಾಗಿಸುವುದು ಒಳ್ಳೆಯದು. ಹೊಸದಾಗಿ ಕಟ್ಟುವವರು ಲೇಯರ್ 2 ಬಿಟ್ಟು ಬೇರೆ ಯೋಚಿಸಬೇಡಿ.

ಲೇಯರ್ 3ರಲ್ಲೇ ಇರಬೇಕಾದವರಿಗೆ ಕೆಲವು ಮಾತು. ಅಲ್ಲಿ ಎಆರ್‌ಪಿಯನ್ನು (ಐಪಿ ವಿಳಾಸದಿಂದ ಮ್ಯಾಕ್ ಹುಡುಕುವ ವಿಧಾನ) ಲಿನಕ್ಸ್ ನೋಡಿಕೊಳ್ಳುವುದಿಲ್ಲ. ಇಂಟರ್‌ಫೇಸ್‌ನಲ್ಲಿ 'ನೋಆರ್ಪ್' ಎಂದು ಕಾಣುವುದು ದೋಷವಲ್ಲ. ಲಿನಕ್ಸ್ ತನ್ನ ಐಪಿ ವಿಳಾಸವನ್ನು ಸ್ವಿಚ್‌ಗೆ ನೋಂದಾಯಿಸುತ್ತದೆ, ನೋಂದಾಯಿಸಿದ ವಿಳಾಸಕ್ಕೆ ಬಂದದ್ದು ಮಾತ್ರ ಒಳಗೆ ಬರುತ್ತದೆ. ಎನ್‌ಐಸಿ ವಿವರದಲ್ಲಿ 'ಯೂನಿಕಾಸ್ಟ್ ಐಪಿ' ಪಟ್ಟಿ ನೋಡಿ. ನಿಮ್ಮ ವಿಳಾಸ ಅಲ್ಲಿಲ್ಲದಿದ್ದರೆ ಉತ್ತರ ಬರುವ ಮಾತೇ ಇಲ್ಲ. 'ಡಿಮೆಸ್ಗ್'ನಲ್ಲಿ ಐಪಿ ನೋಂದಣಿ ವಿಫಲ ಎಂದಿದ್ದರೆ ಆ ವಿಳಾಸವನ್ನು ಬೇರೊಬ್ಬರು ಆಗಲೇ ಹಿಡಿದಿದ್ದಾರೆ ಎಂದು ಮೊದಲು ಅನುಮಾನಿಸಿ. ಕ್ಲಸ್ಟರ್‌ನ ತೇಲುವ ಐಪಿ, ಲಿನಕ್ಸ್ ಬ್ರಿಡ್ಜ್, ಗೆಸ್ಟನ್ನೇ ರೂಟರ್ ಮಾಡುವುದು, ಡಿಎಚ್‌ಸಿಪಿ, ಇವೆಲ್ಲ ಲೇಯರ್ 3ರಲ್ಲಿ ತೊಡಕಾಗುವುದು ಈ ನೋಂದಣಿಯ ಕಾರಣಕ್ಕೇ.

ಸ್ವಿಚ್‌ನಿಂದ ಹೊರಗೆ

ಎನ್‌ಐಸಿ ಸರಿಯಿದೆ, ಸೆಷನ್ ಇದೆ. ಈಗ ಅದೇ ಸ್ವಿಚ್‌ನಲ್ಲಿ, ಅದೇ ವಿಲ್ಯಾನ್‌ನಲ್ಲಿರುವ ಇನ್ನೊಂದು ಗೆಸ್ಟ್‌ಗೆ ಪಿಂಗ್ ಮಾಡಿ, ನಂತರ ಗೇಟ್‌ವೇಗೆ ಮಾಡಿ. ಈ ಎರಡು ಪಿಂಗ್‌ಗಳಷ್ಟು ಬೇಗ ದಾರಿಯನ್ನು ಎರಡಾಗಿ ಸೀಳುವ ಪರೀಕ್ಷೆ ಬೇರೊಂದಿಲ್ಲ. ಪಕ್ಕದ ಗೆಸ್ಟ್ ಸಿಕ್ಕು ಗೇಟ್‌ವೇ ಸಿಗದಿದ್ದರೆ ತೊಂದರೆ ಅಪ್‌ಲಿಂಕ್‌ನಲ್ಲಿದೆ, ಏಕೆಂದರೆ ಓಎಸ್‌ಎ ಸತ್ತಿದ್ದರೂ ಒಂದೇ ವಿಸ್ವಿಚ್‌ನ ಗೆಸ್ಟ್‌ಗಳು ಮೆಮೊರಿಯಲ್ಲೇ ಪರಸ್ಪರ ಮಾತಾಡುತ್ತವೆ. ಗೇಟ್‌ವೇ ಸಿಕ್ಕು ಪಕ್ಕದ ಗೆಸ್ಟ್ ಸಿಗದಿದ್ದರೆ ಸ್ವಿಚ್‌ನಲ್ಲಿ 'ಐಸೊಲೇಶನ್ ಆನ್' ಆಗಿದೆಯೇ ನೋಡಿ. ಭದ್ರತೆಗಾಗಿ ಯಾರೋ ಬೇಕೆಂದೇ ಹಾಕಿರಬಹುದು, ಕೇಳದೆ ತೆಗೆಯಬೇಡಿ. ಐಸೊಲೇಶನ್ ಆನ್ ಇದ್ದಾಗ ಅದೇ ಓಎಸ್‌ಎ ಪೋರ್ಟ್ ಹಂಚಿಕೊಂಡ ಬೇರೆ ಎಲ್‌ಪಾರ್‌ಗಳೂ (ಮೇನ್‌ಫ್ರೇಮನ್ನು ಹಂಚಿದ ವಿಭಾಗಗಳು) ಕಾರ್ಡ್‌ನ ಒಳದಾರಿಯಿಂದ ಸಿಗುವುದಿಲ್ಲ.

ಅಪ್‌ಲಿಂಕ್‌ಗೆ ಈ ಮೂರನ್ನು ಕೇಳಿ:

ಕ್ಯೂ ವಿಸ್ವಿಚ್ ವಿಎಸ್‌ಡಬ್ಲ್ಯು1 ಡೀಟೇಲ್ಸ್
ಕ್ಯೂ ಕಂಟ್ರೋಲರ್
ಕ್ಯೂ ಓಎಸ್‌ಎ

ಸ್ಥಿತಿ 'ರೆಡಿ' ಎಂದಿರಬೇಕು. 'ಡಿಫೈನ್ಡ್' ಎಂದೇ ನಿಂತಿದ್ದರೆ ಸ್ವಿಚ್‌ಗೆ ಇನ್ನೂ ನಿಜವಾದ ಕಾರ್ಡ್ ಸಿಕ್ಕಿಲ್ಲ. ಕಂಟ್ರೋಲರ್ ಲಭ್ಯವಿಲ್ಲ ಎಂದಿದ್ದರೆ ಡಿಟಿಸಿವಿಎಸ್‌ಡಬ್ಲ್ಯು1, ಡಿಟಿಸಿವಿಎಸ್‌ಡಬ್ಲ್ಯು2 ಎಂಬ ಸೇವಾ ಮೆಶೀನ್‌ಗಳು ಎದ್ದಿಲ್ಲ. ಓಎಸ್‌ಎ ಜೊತೆ ಸಂಪರ್ಕ ತೆರೆದು ನೋಡಿಕೊಳ್ಳುವುದು ಇವೇ. 'ಎಕ್ಸ್‌ಆಟೋಲಾಗ್' ಕೊಟ್ಟು ಎಬ್ಬಿಸಿ, ಎರಡನ್ನೂ. ಒಂದು ಬಿದ್ದರೆ ಇನ್ನೊಂದು ಹೊರೆ ಹೊರಲೆಂದೇ ಎರಡು ಇಟ್ಟಿರುವುದು.

ಕಂಟ್ರೋಲರ್ ಇದ್ದೂ ರೆಡಿಯಾಗದಿದ್ದರೆ ಕ್ಯೂ ಓಎಸ್‌ಎ ಉತ್ತರದಲ್ಲಿ 1000, 1001, 1002 ಯಾರ ಬಳಿ ಇವೆ ನೋಡಿ. ಜೆಡ್/ವಿಎಂನ ಟಿಸಿಪಿಐಪಿ ಮೆಶೀನ್‌ಗೋ ಬೇರೆ ಗೆಸ್ಟ್‌ಗೋ ಅಟ್ಯಾಚ್ ಆಗಿದ್ದರೆ ವಿಸ್ವಿಚ್‌ಗೆ ಸಿಗದು. ಚಾನೆಲ್ ಪಾತ್ ಬಗೆ ಓಎಸ್‌ಡಿ ಇರಬೇಕು. ಒಂದೇ ಚಾನೆಲ್ ಪಾತ್‌ನಲ್ಲಿ ಎರಡು ಪೋರ್ಟ್ ಇರುವ ಕಾರ್ಡ್‌ಗಳಲ್ಲಿ ಕೇಬಲ್ ಎರಡನೇ ಪೋರ್ಟ್‌ನಲ್ಲಿದ್ದು, ಸ್ವಿಚ್‌ನಲ್ಲಿ ಪೋರ್ಟ್ ಬರೆಯದೆ ಬಿಟ್ಟರೆ ಸೊನ್ನೆಯ ಪೋರ್ಟನ್ನೇ ಹಿಡಿಯುತ್ತದೆ. ಸ್ಪಷ್ಟವಾಗಿ ಬರೆಯಿರಿ:

ಸೆಟ್ ವಿಸ್ವಿಚ್ ವಿಎಸ್‌ಡಬ್ಲ್ಯು1 ಆರ್‌ಡೆವ್ 1000.ಪಿ01 2000.ಪಿ01

ಎರಡನೆಯದು ಬದಲಿ ಕಾರ್ಡ್. ಮೊದಲನೆಯದು ಬಿದ್ದಾಗ ಸಿಪಿ ಅದಕ್ಕೆ ದಾಟುತ್ತದೆ. ದಾಟಿದ ಮೇಲೂ ಅರ್ಧ ನಿಮಿಷ ಎಲ್ಲ ಗೆಸ್ಟ್‌ಗಳೂ ಮೌನವಾದರೆ ಜೆಡ್/ವಿಎಂ ಅನ್ನು ದೂರಬೇಡಿ. ಭೌತಿಕ ಸ್ವಿಚ್‌ನ ಪೋರ್ಟ್ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಸುತ್ತು ಆಗದಂತೆ ತಡೆಯುವ ವಿಧಾನ) ಪ್ರಕಾರ 15 ಸೆಕೆಂಡ್ ಆಲಿಸಿ, 15 ಸೆಕೆಂಡ್ ಕಲಿತು, ಆಮೇಲೆ ತೆರೆಯುತ್ತಿದೆ. ಓಎಸ್‌ಎ ಪೋರ್ಟ್‌ಗಳಿಗೆ ಈ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಸಿ; ಟ್ರಂಕ್ ಪೋರ್ಟ್‌ಗೆ ಅದರ ಟ್ರಂಕ್ ರೂಪವನ್ನೇ ಹಾಕಬೇಕೆಂದು ನೆಟ್‌ವರ್ಕ್ ತಂಡಕ್ಕೆ ನೆನಪಿಸಿ.

ವಿಲ್ಯಾನ್

ಇಲ್ಲಿ ನಾಲ್ಕು ಕಡೆ ಒಂದೇ ಮಾತು ಹೇಳಬೇಕು: ಲಿನಕ್ಸ್, ಗ್ರಾಂಟ್, ವಿಸ್ವಿಚ್, ಭೌತಿಕ ಸ್ವಿಚ್. ಒಂದು ಕಡೆ ತಪ್ಪಿದರೂ ದೋಷಸಂದೇಶ ಎಲ್ಲೂ ಬರುವುದಿಲ್ಲ, ಪ್ಯಾಕೆಟ್ ಸುಮ್ಮನೆ ಕಾಣೆಯಾಗುತ್ತದೆ. ಆದ್ದರಿಂದಲೇ ಇದಕ್ಕೆ ಹೆಚ್ಚು ಸಮಯ ಕೊಡಬೇಕು.

ಸ್ವಿಚ್ ವಿಲ್ಯಾನ್ ಅರಿಯದ ಬಗೆಯದ್ದಾದರೆ ಅದು ಫ್ರೇಮ್‌ನ ಟ್ಯಾಗ್‌ಗೆ ಕೈ ಹಾಕುವುದಿಲ್ಲ. ಟ್ಯಾಗ್ ಹಾಕುವ ಹೊಣೆ ಲಿನಕ್ಸ್‌ನದ್ದು, ಒಪ್ಪುವ ಹೊಣೆ ಭೌತಿಕ ಸ್ವಿಚ್‌ನದ್ದು.

ಅರಿತ ಬಗೆಯದ್ದಾದರೆ ಗೆಸ್ಟ್‌ನ ಪೋರ್ಟ್ ಆಕ್ಸೆಸ್ ಅಥವಾ ಟ್ರಂಕ್ ಆಗಿರುತ್ತದೆ:

ಸೆಟ್ ವಿಸ್ವಿಚ್ ವಿಎಸ್‌ಡಬ್ಲ್ಯು1 ಗ್ರಾಂಟ್ ಲಿನ್01 ಪೋರ್ಟ್‌ಟೈಪ್ ಆಕ್ಸೆಸ್ ವಿಲ್ಯಾನ್ 100

ಆಕ್ಸೆಸ್ ಪೋರ್ಟ್‌ನಲ್ಲಿ ಟ್ಯಾಗ್ ಹಾಕುವುದೂ ತೆಗೆಯುವುದೂ ಸಿಪಿಯ ಕೆಲಸ. ಲಿನಕ್ಸ್‌ಗೆ ವಿಲ್ಯಾನ್ ಎಂಬುದೇ ತಿಳಿದಿರಬಾರದು. ಐಪಿ ವಿಳಾಸ ಮೂಲ ಇಂಟರ್‌ಫೇಸ್‌ಗೆ, ಅಂದರೆ ಇಎನ್‌ಸಿ600ಕ್ಕೆ, ನೇರ ಕೊಡಬೇಕು. ಅಲ್ಲಿ ಇಎನ್‌ಸಿ600.100 ಎಂಬ ವಿಲ್ಯಾನ್ ಇಂಟರ್‌ಫೇಸ್ ಕಟ್ಟಿದರೆ ಟ್ಯಾಗ್ ಹೊತ್ತ ಫ್ರೇಮ್‌ಗಳನ್ನು ಸ್ವಿಚ್ ಬಿಸಾಡುತ್ತದೆ. ಟ್ರಂಕ್ ಪೋರ್ಟ್‌ನಲ್ಲಿ ಇದರ ತದ್ವಿರುದ್ಧ: ಟ್ಯಾಗ್ ಲಿನಕ್ಸ್ ಹಾಕಬೇಕು, ಮತ್ತು ಗ್ರಾಂಟ್‌ನಲ್ಲಿ ಹೆಸರಿಸಿದ ವಿಲ್ಯಾನ್‌ಗಳು ಮಾತ್ರ ದಾಟುತ್ತವೆ.

ಇನ್ನು ನೇಟಿವ್ ವಿಲ್ಯಾನ್. ಗೆಸ್ಟ್‌ನ ವಿಲ್ಯಾನ್ ಸ್ವಿಚ್‌ನ ನೇಟಿವ್ ವಿಲ್ಯಾನ್ ಆಗಿದ್ದರೆ ಫ್ರೇಮ್ ಟ್ಯಾಗ್ ಇಲ್ಲದೆಯೇ ಹೊರಗೆ ಹೋಗುತ್ತದೆ. ಭೌತಿಕ ಸ್ವಿಚ್‌ನ ನೇಟಿವ್ ಬೇರೆ ಸಂಖ್ಯೆಯಾಗಿದ್ದರೆ ಅದು ಬೇರೆಯೇ ವಿಲ್ಯಾನ್‌ಗೆ ಬೀಳುತ್ತದೆ. ಒಂದು ವಿಲ್ಯಾನ್‌ನ ಗೆಸ್ಟ್‌ಗಳು ಮಾತ್ರ ಸತ್ತು ಉಳಿದವು ಚೆನ್ನಾಗಿದ್ದರೆ ಎರಡನ್ನು ನೋಡಿ: ಇದು, ಮತ್ತು ಭೌತಿಕ ಸ್ವಿಚ್‌ನ ಟ್ರಂಕ್‌ನಲ್ಲಿ ಆ ಸಂಖ್ಯೆಗೆ ಅನುಮತಿ. ಎಲ್ಲ ವಿಲ್ಯಾನ್‌ಗಳೂ ಸತ್ತಿದ್ದರೆ ಭೌತಿಕ ಪೋರ್ಟ್ ಟ್ರಂಕ್ ಆಗದೆ ಆಕ್ಸೆಸ್ ಆಗಿಯೇ ಉಳಿದಿದೆ ಎಂದು ಮೊದಲು ಅನುಮಾನಿಸಿ. ಬದಲಿ ಓಎಸ್‌ಎಯ ಪೋರ್ಟನ್ನೂ ಇದೇ ಕಣ್ಣಿನಿಂದ ಪರೀಕ್ಷಿಸಿ. ಫೇಲ್‌ಓವರ್ ಆದಾಗ ಮಾತ್ರ ಕೆಲವು ಗೆಸ್ಟ್‌ಗಳು ಕಾಣೆಯಾಗುವುದು ಎರಡೂ ಪೋರ್ಟ್‌ಗಳ ಪಟ್ಟಿ ಒಂದೇ ಇಲ್ಲದಿದ್ದಾಗ.

ಗ್ರಾಂಟ್‌ನ ವಿಲ್ಯಾನ್ ಬದಲಿಸಿದ ಮೇಲೆ ಗೆಸ್ಟನ್ನು ಅನ್‌ಕಪಲ್ ಮಾಡಿ ಮತ್ತೆ ಕಪಲ್ ಮಾಡಿ. ಇದನ್ನು ಕನ್ಸೋಲ್‌ನಿಂದ ಮಾಡಿ; ಎಸ್‌ಎಸ್‌ಎಚ್‌ನಲ್ಲಿ ಕುಳಿತು ಅನ್‌ಕಪಲ್ ಕೊಟ್ಟರೆ ಮುಂದಿನ ಕಮಾಂಡ್ ಕೊಡಲು ದಾರಿಯೇ ಇರುವುದಿಲ್ಲ.

ಮ್ಯಾಕ್ ವಿಳಾಸ

ಲೇಯರ್ 2ರಲ್ಲಿ ಪ್ರತಿ ಎನ್‌ಐಸಿಗೂ ಸಿಪಿ ಒಂದು ಮ್ಯಾಕ್ ಕೊಡುತ್ತದೆ: ಮೂರು ಬೈಟ್ ಮುನ್ನೊತ್ತು (ಪ್ರಿಫಿಕ್ಸ್), ಮೂರು ಬೈಟ್ ಕ್ರಮಸಂಖ್ಯೆ. ಮುನ್ನೊತ್ತನ್ನು ಯಾರೂ ಬದಲಿಸದಿದ್ದರೆ ಅದು 02-00-00. ಕ್ರಮಸಂಖ್ಯೆ 1ರಿಂದ ಏರುತ್ತದೆ. ಈಗ ಎರಡು ಎಲ್‌ಪಾರ್‌ಗಳಲ್ಲಿ ಎರಡು ಜೆಡ್/ವಿಎಂ, ಎರಡೂ ಒಂದೇ ಲ್ಯಾನ್‌ನಲ್ಲಿ, ಎರಡರಲ್ಲೂ 02-00-00 ಎಂದಿಟ್ಟುಕೊಳ್ಳಿ. ಎರಡೂ ಕಡೆ 02-00-00-00-00-05 ಹುಟ್ಟುತ್ತದೆ. ಭೌತಿಕ ಸ್ವಿಚ್ ಆ ಮ್ಯಾಕನ್ನು ಒಮ್ಮೆ ಈ ಪೋರ್ಟ್‌ನಲ್ಲಿ, ಇನ್ನೊಮ್ಮೆ ಆ ಪೋರ್ಟ್‌ನಲ್ಲಿ ಕಲಿಯುತ್ತದೆ. ಸಂಪರ್ಕ ಕೆಲವು ಸೆಕೆಂಡ್ ಇರುತ್ತದೆ, ಕೆಲವು ಸೆಕೆಂಡ್ ಇರುವುದಿಲ್ಲ. ಹೀಗೆ ಬಿಟ್ಟುಬಿಟ್ಟು ಬರುವ ತೊಂದರೆ ಕಂಡಾಗ 'ಕ್ಯೂ ವಿಎಂಲ್ಯಾನ್' ಅನ್ನು ಎರಡೂ ಕಡೆ ಕೊಟ್ಟು ಮುನ್ನೊತ್ತು ಹೋಲಿಸಿ. ಸಿಸ್ಟಮ್ ಕಾನ್ಫಿಗ್ ಫೈಲ್‌ನಲ್ಲಿ ಬೇರೆಬೇರೆ ಕೊಡಿ:

ವಿಎಂಲ್ಯಾನ್ ಮ್ಯಾಕ್‌ಪ್ರಿಫಿಕ್ಸ್ 021111 ಯೂಸರ್‌ಪ್ರಿಫಿಕ್ಸ್ 029999

ಇದು ಜಾರಿಗೆ ಬರಲು ಜೆಡ್/ವಿಎಂ ಅನ್ನೇ ಐಪಿಎಲ್ (ಹೊಸದಾಗಿ ಬೂಟ್) ಮಾಡಬೇಕು. ಎಸ್‌ಎಸ್‌ಐ ಕ್ಲಸ್ಟರ್‌ನಲ್ಲಿ (ಒಂದೇ ವ್ಯವಸ್ಥೆಯಂತೆ ನಡೆಯುವ ಹಲವು ಜೆಡ್/ವಿಎಂಗಳ ಗುಂಪು) ಮ್ಯಾಕ್‌ಪ್ರಿಫಿಕ್ಸ್ ಪ್ರತಿ ಸದಸ್ಯನಿಗೂ ಬೇರೆ, ಯೂಸರ್‌ಪ್ರಿಫಿಕ್ಸ್ ಎಲ್ಲರಿಗೂ ಒಂದೇ ಇರಬೇಕು.

ಗೆಸ್ಟ್‌ಗೆ ಸಿಗುವ ಕ್ರಮಸಂಖ್ಯೆ ಲಾಗಾನ್ ಆಗುವ ಸರದಿಯ ಮೇಲೆ ನಿಂತಿದೆ, ಇವತ್ತು ಸಿಕ್ಕ ಮ್ಯಾಕ್ ನಾಳೆ ಸಿಗಬೇಕೆಂದಿಲ್ಲ. ಲಿನಕ್ಸ್‌ನ ಫೈಲ್‌ನಲ್ಲಿ ಮ್ಯಾಕ್ ಬರೆದಿಟ್ಟಿದ್ದರೆ ಐಪಿಎಲ್ ನಂತರ ಇಂಟರ್‌ಫೇಸ್ ಏಳದಿರುವುದು ಇದರಿಂದ. ಗೆಸ್ಟ್ ಕ್ಲೋನ್ ಮಾಡಿದಾಗಲೂ ಹಳೆಯ ಗೆಸ್ಟ್‌ನ ಮ್ಯಾಕ್ ಸಾಲು ಹೊಸದಕ್ಕೆ ಅಂಟಿಕೊಂಡು ಬರುತ್ತದೆ. ಒಂದೋ ಆ ಸಾಲನ್ನು ತೆಗೆಯಿರಿ, ಇಲ್ಲವೇ ಡೈರೆಕ್ಟರಿಯಲ್ಲೇ ಮ್ಯಾಕ್ ಸ್ಥಿರಗೊಳಿಸಿ:

ಎನ್‌ಐಸಿಡೆಫ್ 0600 ಟೈಪ್ ಕ್ಯೂಡಿಐಒ ಲ್ಯಾನ್ ಸಿಸ್ಟಮ್ ವಿಎಸ್‌ಡಬ್ಲ್ಯು1 ಮ್ಯಾಕ್‌ಐಡಿ 000101

ಎರಡನೆಯದೇ ಒಳ್ಳೆಯ ದಾರಿ. ಫೈರ್‌ವಾಲ್‌ನವರೂ ಡಿಎಚ್‌ಸಿಪಿಯವರೂ ಸ್ಥಿರ ಮ್ಯಾಕನ್ನೇ ಕೇಳುತ್ತಾರೆ. ಮ್ಯಾಕ್ ರಕ್ಷಣೆ ಆನ್ ಇರುವ ಸ್ವಿಚ್‌ನಲ್ಲಿ ಲಿನಕ್ಸ್ ತಾನೇ ಮ್ಯಾಕ್ ಬದಲಿಸಲು ಹೋದರೆ ಸಿಪಿ ಒಪ್ಪುವುದಿಲ್ಲ ಎಂಬುದೂ ಗೊತ್ತಿರಲಿ.

ಪಿಂಗ್ ಆಗುತ್ತದೆ, ಫೈಲ್ ಹೋಗುವುದಿಲ್ಲ

ಎಸ್‌ಎಸ್‌ಎಚ್ ಲಾಗಿನ್ ಆಗಿ ಮೊದಲ ದೊಡ್ಡ ಉತ್ತರಕ್ಕೇ ಪರದೆ ಹೆಪ್ಪುಗಟ್ಟಿದರೆ ಎಂಟಿಯು (ಒಮ್ಮೆಗೆ ಸಾಗುವ ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಲೇಯರ್ 2ರಲ್ಲಿ ಸಾಮಾನ್ಯ ಮೌಲ್ಯ 1500, ಲೇಯರ್ 3ರಲ್ಲಿ 1492, ಓಎಸ್‌ಎಗೆ ಗರಿಷ್ಠ 8992. ಒಡೆಯಬಾರದು ಎಂಬ ಗುರುತು ಹಾಕಿ ಪಿಂಗ್ ಮಾಡಿ. ಹೆಡರ್‌ಗಳ 28 ಬೈಟ್ ಕಳೆದು ಗಾತ್ರ ಕೊಡಬೇಕು:

ಪಿಂಗ್ -ಎಂ ಡು -ಎಸ್ 1472 (1500ಕ್ಕೆ)
ಪಿಂಗ್ -ಎಂ ಡು -ಎಸ್ 8964 (8992ಕ್ಕೆ)

ಪಕ್ಕದ ಗೆಸ್ಟ್‌ಗೆ 8964 ಹೋಗಿ ಗೇಟ್‌ವೇಗೆ ಹೋಗದಿದ್ದರೆ ಭೌತಿಕ ಸ್ವಿಚ್‌ನಲ್ಲಿ ಜಂಬೋ ಫ್ರೇಮ್ ತೆರೆದಿಲ್ಲ. ವಿಲ್ಯಾನ್ ಟ್ಯಾಗ್ ಸೇರಿ ಫ್ರೇಮ್ 9014 ಬೈಟ್ ಆಗುತ್ತದೆ. ಹೈಪರ್‌ಸಾಕೆಟ್ಸ್‌ನಲ್ಲಿ ಎಂಟಿಯು ಚಾನೆಲ್ ಪಾತ್‌ಗೆ ನಿಗದಿಯಾದ ಫ್ರೇಮ್ ಗಾತ್ರವನ್ನು ಅವಲಂಬಿಸಿದೆ: 16 ಕಿಲೋಬೈಟ್‌ಗೆ 8192, 24ಕ್ಕೆ 16384, 40ಕ್ಕೆ 32768, 64ಕ್ಕೆ 57344. ಅಲ್ಲಿ ಲೇಯರ್ 2ರವರು ಲೇಯರ್ 3ರವರೊಡನೆ ಮಾತಾಡಲಾರರು ಎಂಬುದನ್ನು ಎಂಟಿಯು ತಿದ್ದುವ ಮೊದಲೇ ಖಚಿತಪಡಿಸಿಕೊಳ್ಳಿ.

ಇಷ್ಟಕ್ಕೂ ಸಿಗದಿದ್ದರೆ

ಸ್ವಿಚ್‌ನ ಟ್ರಾಫಿಕ್ ಅನ್ನೇ ಇನ್ನೊಂದು ಲಿನಕ್ಸ್ ಗೆಸ್ಟ್‌ನಿಂದ ನೋಡಿ. ಆ ಗೆಸ್ಟ್‌ಗೆ ಗ್ರಾಂಟ್‌ನಲ್ಲಿ 'ಪ್ರಾಮಿಸ್ಕ್ಯುವಸ್' ಸೇರಿಸಿ (ಆರ್‌ಎಸಿಎಫ್ ಇದ್ದರೆ 'ಕಂಟ್ರೋಲ್' ಹಕ್ಕು), ಅದರೊಳಗಿಂದ 'ವಿಎಂಸಿಪಿ ಸೆಟ್ ಎನ್‌ಐಸಿ 0600 ಪ್ರಾಮಿಸ್ಕ್ಯುವಸ್' ಕೊಟ್ಟು ಟಿಸಿಪಿಡಂಪ್ ಓಡಿಸಿ. ಎಆರ್‌ಪಿ ಪ್ರಶ್ನೆ ಹೋಗಿ ಉತ್ತರ ಬಾರದಿದ್ದರೆ ಭೌತಿಕ ಸ್ವಿಚ್‌ನ ಮ್ಯಾಕ್ ಪಟ್ಟಿ ಕೇಳಿ: ಗೆಸ್ಟ್‌ನ ಮ್ಯಾಕ್ ಅಲ್ಲಿದ್ದರೆ ಫ್ರೇಮ್ ಹೊರಗೆ ತಲುಪಿದೆ, ಯಾವ ವಿಲ್ಯಾನ್‌ನಲ್ಲಿ ತಲುಪಿದೆ ಎಂಬುದೂ ಅಲ್ಲೇ ಕಾಣುತ್ತದೆ. ಕೆಲಸ ಮುಗಿದ ಮೇಲೆ ಪ್ರಾಮಿಸ್ಕ್ಯುವಸ್ ಹಕ್ಕನ್ನು ಹಿಂತೆಗೆಯಲೇಬೇಕು. ಪಾಸ್‌ವರ್ಡ್‌ಗಳೂ ಹರಿಯುವ ದಾರಿ ಅದು.

ಬೆಂಬಲ ತಂಡಕ್ಕೆ ಒಪ್ಪಿಸುವ ಮೊದಲು, ಯಾವುದನ್ನೂ ರೀಬೂಟ್ ಮಾಡುವ ಮೊದಲು, 'ಡಿಬಿಜಿಇನ್ಫೋ.ಎಸ್‌ಎಚ್' ಓಡಿಸಿ. ಕ್ಯುಎಥ್‌ನ ಡೀಬಗ್ ದಾಖಲೆಗಳು ಮೆಮೊರಿಯಲ್ಲಿರುತ್ತವೆ, ರೀಬೂಟ್ ಆದರೆ ಅಳಿಸಿಹೋಗುತ್ತವೆ. ಅದರ ಜೊತೆ ಎನ್‌ಐಸಿ ವಿವರ, ಸ್ವಿಚ್ ವಿವರ, ಕಂಟ್ರೋಲರ್, ಓಎಸ್‌ಎ, ವಿಎಂಲ್ಯಾನ್ ಉತ್ತರಗಳನ್ನೂ ಉಳಿಸಿ.

ಸರಿಪಡಿಸಿದ್ದನ್ನು ಶಾಶ್ವತಗೊಳಿಸುವುದು

ಸ್ವಿಚ್‌ಗೆ ಕೊಟ್ಟ ಸೆಟ್ ಮತ್ತು ಡಿಫೈನ್ ಕಮಾಂಡ್‌ಗಳ ಫಲ ಜೆಡ್/ವಿಎಂನ ಮುಂದಿನ ಐಪಿಎಲ್‌ವರೆಗೆ ಮಾತ್ರ. ಸ್ವಿಚ್‌ನ ವಿವರ ಸಿಸ್ಟಮ್ ಕಾನ್ಫಿಗ್‌ನ 'ಡಿಫೈನ್ ವಿಸ್ವಿಚ್' ಸಾಲಿಗೆ, ಗ್ರಾಂಟ್ 'ಮಾಡಿಫೈ ವಿಸ್ವಿಚ್' ಸಾಲಿಗೆ, ಎನ್‌ಐಸಿ ಯೂಸರ್ ಡೈರೆಕ್ಟರಿಗೆ ಸೇರಬೇಕು. ಕಂಟ್ರೋಲರ್‌ಗಳನ್ನು ಎಬ್ಬಿಸುವ ಸಾಲು ಆಟೋಲಾಗ್1ರ ಪ್ರೊಫೈಲ್‌ನಲ್ಲಿದೆಯೇ ನೋಡಿ, ಮತ್ತು ಅದು ಲಿನಕ್ಸ್ ಗೆಸ್ಟ್‌ಗಳನ್ನು ಎಬ್ಬಿಸುವ ಸಾಲುಗಳಿಗಿಂತ ಮೇಲಿರಲಿ. ಲಿನಕ್ಸ್‌ನಲ್ಲಿ ಸಿಎಚ್‌ಜೆಡ್‌ಡೆವ್ ಬಳಸಿದ್ದರೆ 'ಎಲ್‌ಎಸ್‌ಜೆಡ್‌ಡೆವ್' ಉತ್ತರದಲ್ಲಿ ಆನ್ ಮತ್ತು ಪರ್ಸಿಸ್ಟೆಂಟ್ ಎರಡೂ ಕಲಮಿನಲ್ಲಿ 'ಯೆಸ್' ಇರಬೇಕು. ಸಿಐಒ_ಇಗ್ನೋರ್ ಅನ್ನು ಕರ್ನಲ್ ಪ್ಯಾರಾಮೀಟರ್‌ನಲ್ಲಿ ತಿದ್ದಿದ್ದರೆ 'ಜೆಡ್‌ಐಪಿಎಲ್' ಓಡಿಸುವುದನ್ನು ಮರೆಯಬೇಡಿ. ಅದನ್ನು ಓಡಿಸದೆ ಫೈಲ್ ತಿದ್ದಿದ್ದು ಬೂಟ್ ವೇಳೆಗೆ ಕಾಣುವುದೇ ಇಲ್ಲ.